ಸಮಾಧಾನ ಹೇಳುವವಳು

"ನೀರು ನಿಲ್ಲಿಸೋಕಾಗಲ್ಲಮ್ಮ, ಅರ್ಥ ಮಾಡ್ಕೊಳ್ಳಿ," ಎಂದ ಎಂಜಿನಿಯರು, ಮೇಜಿನ ಮೇಲಿನ ಫ್ಯಾನನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತ. ಮೈಸೂರು ಕಡೆಯಿಂದ ಬಂದವನು, ಇನ್ನೂ ಹುಡುಗ. "ಭತ್ತ ಈಗ ಹೊಡೆ ಬಿಚ್ತಾ ಇದೆ. ಈಗ ನಿಲ್ಲಿಸಿದ್ರೆ ಕಾಲುವೆ ತುದಿಯ ರೈತರು ಬಂದು ಈ ಆಫೀಸಿಗೆ ಬೀಗ ಜಡೀತಾರೆ. ಭಾನುವಾರ ನೀರಿನ ಪಾಳಿ ಮುಗಿಯುತ್ತೆ. ಆಗ ಹೇಗೂ ನಿಲ್ಲುತ್ತೆ."

ಲಾಲಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಭಾನುವಾರ ಇನ್ನಾ ದೂರ ಅದರಿ ಸಾಹೇಬ್ರ. ಒಂದ್ ದಿನ ಬಂದ್ ಮಾಡ್ರಿ, ಸಾಕು. ನನ್ನ ಗಂಡ ನೀರಾಗ ಅದಾನ್ರಿ."

"ಸಿಗ್ತಾರಮ್ಮ. ಎರಡು ಮೂರು ದಿನ ಆದ್ಮೇಲೆ ತಾನಾಗೇ ಮೇಲೆ ಬರ್ತಾರೆ."

ಕೋಣೆಯಲ್ಲಿ ಬಂದವರಿಗೆಂದು ಇದ್ದ ಒಂದೇ ಕುರ್ಚಿಯಲ್ಲಿ ಪಾದ್ರಿಯವರು ಕುಳಿತಿದ್ದರು. ದಾರಿಯುದ್ದಕ್ಕೂ "ನಾ ಮಾತಾಡ್ತೀನಿ, ನೀ ಸುಮ್ನಿರು" ಎಂದು ಹೇಳುತ್ತ ಬಂದವರು ಅವರೇ. ಈಗ ಎಂಜಿನಿಯರು ತರಿಸಿಕೊಟ್ಟ ಚಹಾವನ್ನು ಕುಡಿದು ಮುಗಿಸಿ, ಕಪ್ಪನ್ನು ಮೇಜಿನ ಅಂಚಿಗೆ ಇಟ್ಟರು.

"ಸಾಹೇಬ್ರು ಹೇಳೋದ್ರಾಗೂ ನ್ಯಾಯ ಅದ, ಲಾಲಮ್ಮ," ಎಂದರು. "ಕರ್ತ ನೋಡ್ಕೋತಾನ. ನಡಿ, ಹೋಗೋಣು."

ಲಾಲಮ್ಮನ ಗಂಡ ಹುಲಗಪ್ಪ ಕಾಲುವೆಗೆ ಬಿದ್ದು ಆಗಲೇ ಎರಡು ದಿನವಾಗಿತ್ತು. ಪರಮಣ್ಣ ಸಾವ್ಕಾರನ ಗದ್ದೆಗೆ ಹುಳದ ಎಣ್ಣೆ ಹೊಡೆಯಲು ಹೋಗಿದ್ದ. ಕಾಲುವೆ ರಸ್ತೆಯಡಿ ಹಾಯುವ ಮೋರಿಗೆ ತುಸು ಮೇಲೆ ಮೆಟ್ಟಿಲಿಳಿದು, ಹಿತ್ತಾಳೆಯ ಪಂಪಿಗೆ ನೀರು ತುಂಬಿ, ಅದನ್ನು ಬೆನ್ನಿಗೇರಿಸಿ ಪಟ್ಟಿ ಬಿಗಿದುಕೊಂಡು ಏಳುವಾಗ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಜೊತೆಗೆ ಎಣ್ಣೆ ಹೊಡೆಯುತ್ತಿದ್ದ ಯಂಕಣ್ಣ ಬದುವಿನಿಂದ ಓಡಿ ಬರುವಷ್ಟರಲ್ಲಿ ಹುಲಗಪ್ಪನ ರುಮಾಲು ಮಾತ್ರ ನೀರಿನ ಮೇಲಿತ್ತು. ಈಜು ಬಲ್ಲವರು ಇಳಿದು ಹುಡುಕಿದರು. ಮೋರಿಯ ಬಾಯಿಯಲ್ಲಿ ನೀರಿನ ಸೆಳವು ಎಷ್ಟಿತ್ತೆಂದರೆ ಅದರ ಹತ್ತಿರ ಹೋಗಲು ಯಾರಿಗೂ ಧೈರ್ಯವಾಗಲಿಲ್ಲ. ಕೊಚ್ಚಿಕೊಂಡು ಮುಂದೆ ಹೋಗಿರಬೇಕು ಎಂದರು. ಪೊಲೀಸರು ಬಂದು ದಂಡೆ ನೋಡಿ ಹೋದರು.

ಕಚೇರಿಯಿಂದ ಬಂದ ಲಾಲಮ್ಮ ಮನೆಗೆ ಹೋಗದೆ ಮೋರಿಯ ಕಟ್ಟೆಯ ಮೇಲೆ ಕುಳಿತಳು. ಮೊದಲ ದಿನದಿಂದಲೂ ಅವಳು ಕೂರುತ್ತಿದ್ದುದು ಅಲ್ಲೇ.

ಸಂಕಟ ಬಂದವರ ಮನೆಗೆಲ್ಲ ಹೋಗಿ ಸಮಾಧಾನ ಹೇಳುವವಳೆಂದು ಲಾಲಮ್ಮನಿಗೆ ಹೆಸರಿತ್ತು. ಅಕ್ಷರ ಬಾರದು. ಭಾನುವಾರ ಪಾದ್ರಿಯವರು ಓದಿ ಹೇಳಿದ್ದನ್ನು ಕಿವಿಯಲ್ಲಿಟ್ಟುಕೊಂಡು ಬಂದು, ವಾರವೆಲ್ಲ ತನ್ನ ಮಾತಿನಲ್ಲಿ ಓಣಿಗೆ ಹಂಚುವಳು. ಕಾಲುವೆ ಬಂದು ಜೋಳದ ಹೊಲಗಳೆಲ್ಲ ಗದ್ದೆಯಾದ ಮೇಲೆ ಹೆಂಗಸರಿಗೆ ದಿನಾ ಸಸಿ ಹಚ್ಚುವ ಕೆಲಸ. ಕೆಸರಿಗೆ ಇಳಿಯುವ ಮೊದಲು ಲಾಲಮ್ಮ ಬದುವಿನ ಮೇಲೆ ನಿಂತು ಎರಡು ಮಾತು ಪ್ರಾರ್ಥನೆ ಮಾಡುವಳು. ಬೇರೆ ಓಣಿಯ ಹೆಂಗಸರೂ ಸೀರೆ ಎತ್ತಿ ಕಟ್ಟಿಕೊಂಡು, ಅವಳದು ಮುಗಿಯಲೆಂದು ಕಾಯುತ್ತಿದ್ದರು. "ಯಕ್ಕ, ನಮ್ಮ ಟೊಂಕದ ಸಲುವಾಗೂ ಒಂದು ಮಾತ್ ಹೇಳು ನಿನ್ನ ದ್ಯಾವ್ರಿಗಿ," ಎಂದು ನಗುವರು. ಚರ್ಚಿನಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ಮೊದಲು ಎದ್ದು ನಿಲ್ಲುವವಳೂ ಅವಳೇ. ಕಳೆದ ಕೋಳಿ ಸಿಕ್ಕಿದ್ದು, ಗಂಡನ ಜ್ವರ ಇಳಿದದ್ದು, ಶಹಾಪುರದ ಬಸ್ಸು ತನಗಾಗಿ ನಿಂತದ್ದು, ಎಲ್ಲಕ್ಕೂ ದೇವರಿಗೆ ಸ್ತೋತ್ರ ಹೇಳುವಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅದಕ್ಕೂ ಒಮ್ಮೆ ಸ್ತೋತ್ರ ಹೇಳಿದ್ದಳು.

ಸಾವಿನ ಮನೆಯಲ್ಲಿ ಮಾತ್ರ ಅವಳದು ಒಂದು ಕಟ್ಟುನಿಟ್ಟು. "ಅಳಬ್ಯಾಡ. ದ್ಯಾವ್ರು ಎಷ್ಟ್ ಹೊರಾಕಾಗ್ತದ ಅಷ್ಟೇ ಹೊರಸ್ತಾನ. ಅತ್ರ ಅವನ ಮ್ಯಾಲ ಸಂಶಯ ಪಟ್ಟಂಗ," ಎನ್ನುವಳು. ಎರಡು ವರ್ಷದ ಹಿಂದೆ ಶೇಖಮ್ಮನ ಮಗಳು ನಿರ್ಮಲಾ ಜ್ವರ ನೆತ್ತಿಗೇರಿ, ಶಹಾಪುರದ ದವಾಖಾನೆ ಮುಟ್ಟುವ ಮೊದಲೇ ಟಂಟಂ ಆಟೋದಲ್ಲಿ ಸತ್ತಿದ್ದಳು. ಶೇಖಮ್ಮ ಅಂಗಳದಲ್ಲಿ ಹೊರಳಾಡಿ ಕೂಗುತ್ತಿದ್ದಾಗ ಲಾಲಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಬಾಯಿಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದಿದ್ದಳು. "ದ್ಯಾವ್ರಿಗಿ ಪ್ರೀತಿ ಆಗಿದ್ಳು, ಕರಕೊಂಡ. ಅಳಬ್ಯಾಡ." ಶೇಖಮ್ಮ ಆ ಕೈಯನ್ನು ಕಚ್ಚಿ ಬಿಡಿಸಿಕೊಂಡಿದ್ದಳು. ಆ ಮೇಲೆ ಚರ್ಚಿಗೆ ಬರಲಿಲ್ಲ. ಲಾಲಮ್ಮನ ಜೊತೆ ಮಾತೂ ಇಲ್ಲ. ಅವಳಿಗೆ ವಿಶ್ವಾಸ ಕಮ್ಮಿ ಎಂದು ಲಾಲಮ್ಮ ನಾಲ್ಕು ಜನರ ಮುಂದೆ ಹೇಳಿದ್ದುಂಟು.

ಸಂಜೆಯ ಹೊತ್ತಿಗೆ ಹೆಂಗಸರು ಕೆಲಸ ಮುಗಿಸಿಕೊಂಡು ಮೋರಿಯ ಹತ್ತಿರ ಬಂದು ಕುಳಿತರು. ಅವರಲ್ಲಿ ಅದೇ ಓಣಿಯ ಹಂಪಮ್ಮ ಲಾಲಮ್ಮನ ಬೆನ್ನ ಮೇಲೆ ಕೈಯಾಡಿಸಿದಳು.

"ಅಳಬ್ಯಾಡ ಯಕ್ಕ. ದ್ಯಾವ್ರು ಎಷ್ಟ್ ಹೊರಾಕಾಗ್ತದ ಅಷ್ಟೇ ಹೊರಸ್ತಾನ. ಅತ್ರ ಅವನ ಮ್ಯಾಲ ಸಂಶಯ ಪಟ್ಟಂಗ."

ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಡುವೆ ಉಸಿರು ತೆಗೆದುಕೊಳ್ಳುವ ರೀತಿ ಕೂಡ ತನ್ನದೇ. ಲಾಲಮ್ಮ ಹಂಪಮ್ಮನ ಮುಖ ನೋಡಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾಳೆ. ಆ ಕೈಯನ್ನು ಬೆನ್ನಿನಿಂದ ತಳ್ಳಿ ಹಾಕಬೇಕೆನ್ನಿಸಿತು. ನನ್ನ ಮಾತು ಕೇಳಿದವರಿಗೆಲ್ಲ ಹೀಗೇ ಅನ್ನಿಸಿತ್ತೇನೋ ಎಂದುಕೊಂಡಳು. ಗಂಡ ನೀರಿಗೆ ಬಿದ್ದ ದಿನದಿಂದ ಅವಳ ಕಣ್ಣಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಅದನ್ನು ಓಣಿಯವರೆಲ್ಲ ಅವಳ ವಿಶ್ವಾಸವೆಂದು ಮಾತಾಡಿಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಶೇಖಮ್ಮ ಬಂದಳು. ಕೈಯಲ್ಲಿ ತುದಿಗೆ ಕೊಂಡಿ ಕಟ್ಟಿದ ಉದ್ದನೆಯ ಗಳ, ಕಂಕುಳಲ್ಲಿ ರೊಟ್ಟಿಯ ಗಂಟು. ಸಮಾಧಾನದ ಮಾತು ಒಂದೂ ಆಡಲಿಲ್ಲ.

"ಇಲ್ಲೇ ಕುಂತ್ರ ಸಿಗ್ತಾನೇನು? ಏಳು. ಹುಡುಕೋಣು."

ಇಬ್ಬರೂ ದಂಡೆ ಹಿಡಿದು ನಡೆದರು. ಜಾಲಿಯ ಕೊಂಬೆ ನೀರಿಗೆ ಬಾಗಿದಲ್ಲೆಲ್ಲ ಶೇಖಮ್ಮ ಗಳ ಇಳಿಬಿಟ್ಟು ತಿರುವುವಳು. ಪ್ರತಿ ಸಲ ಕೊಂಡಿಗೆ ಏನಾದರೂ ತೊಡರಿದಾಗ ಲಾಲಮ್ಮ ಕಣ್ಣು ಮುಚ್ಚಿಕೊಳ್ಳುವಳು. ಬರುತ್ತಿದ್ದುದು ಹರಕು ಗೊಬ್ಬರದ ಚೀಲ, ಬಳ್ಳಿ, ಕೊಳೆತ ಹುಲ್ಲು. ಬಿಸಿಲೇರಿದ ಮೇಲೆ ಕಾಲುವೆಯ ಗೇಟಿಗೆ ಬಂದರು. ಗೇಟು ಕಾಯುವ ಬಾಷುಮಿಯಾ ಕಬ್ಬಿಣದ ಸರಳುಗಳಿಗೆ ಸಿಕ್ಕಿಕೊಂಡಿದ್ದ ಕಸವನ್ನೆಲ್ಲ ಮೇಲೆ ಎಳೆದು ಹಾಕಿದ್ದ. ಅದರಲ್ಲಿ ಒಂದು ಸತ್ತ ಆಡಿತ್ತು.

"ದಿನಾ ನೋಡಾಕತ್ತೀನಿ ತಾಯಿ," ಎಂದ ಅವನು. "ಇಲ್ಲಿತನಕ ಬಂದಿಲ್ಲ ನಿನ್ನ ಗಂಡ. ಬಂದಿದ್ರ ನನ್ನ ಕಣ್ಣು ತಪ್ಪಿ ಹೋಗ್ತಿರ್ಲಿಲ್ಲ. ಮ್ಯಾಲೆ ಎಲ್ಲೋ ಅದಾನ. ಹೋದ ವರ್ಷ ಒಬ್ಬ ಗುತ್ತೇದಾರನ ಜೀಪು ಬಿದ್ದಾಗ ಇದೇ ನೀರು ಅವತ್ತೇ ಬಂದ್ ಆಗಿತ್ತು. ಆಗ ಭತ್ತ ಇರ್ಲಿಲ್ಲೇನು?"

ಬೇವಿನ ನೆರಳಲ್ಲಿ ಕುಳಿತು ಶೇಖಮ್ಮ ಗಂಟು ಬಿಚ್ಚಿದಳು. ರೊಟ್ಟಿ ಮುರಿಯುವ ಮೊದಲು ಲಾಲಮ್ಮನ ಕಣ್ಣುಗಳು ಅಭ್ಯಾಸದಿಂದ ಮುಚ್ಚಿಕೊಂಡವು. ತೆರೆದಾಗ ಶೇಖಮ್ಮ ಅವಳನ್ನೇ ನೋಡುತ್ತಿದ್ದಳು.

"ಇನ್ನಾ ಪ್ರಾರ್ಥನಾ ಮಾಡ್ತೀಯೇನು?"

"ಮಾಡ್ತೀನಿ. ಬ್ಯಾರೆ ಯಾರಿಗಿ ಕೇಳ್ಲಿ?"

"ಕೇಳಿಸ್ಕೋತಾನೇನು?"

"ಗೊತ್ತಿಲ್ಲ. ಎಂಜಿನೀರ್ ಸಾಹೇಬ್ರಂತೂ ಕೇಳಿಸ್ಕೊಳ್ಳಿಲ್ಲ."

ಶೇಖಮ್ಮ ಮೂಗಿನಲ್ಲೇ ನಕ್ಕಳು. ಪುಂಡಿಪಲ್ಲೆ ಹಚ್ಚಿ ರೊಟ್ಟಿ ಮುಂದೆ ಮಾಡಿದಳು. ಲಾಲಮ್ಮ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.

"ಶೇಖವ್ವ, ಅವತ್ತು ನಾ ನಿನ್ನ ಬಾಯಿ ಮ್ಯಾಲ ಕೈ ಇಟ್ಟಿದ್ದು..."

"ಅದನ್ನ ಈಗ ತಗೀಬ್ಯಾಡ."

"ನನ್ನದು ತಪ್ಪಾತು."

"ತಪ್ಪೇ. ಎರಡು ವರ್ಷ ಆತು, ಇವತ್ತಿಗೂ ನನಗ ಬಾಯಿ ಬಿಟ್ಟು ಅಳಾಕ ಬರವಲ್ದು. ಅಳಾಕ ಹೋದ್ರ ನಿನ್ನ ಕೈ ನೆಪ್ಪಾಗ್ತದ." ಶೇಖಮ್ಮನ ದನಿ ಏರಲಿಲ್ಲ. "ನಾ ನಿನಗ ಮಾಫ್ ಮಾಡಾಕ ಬಂದಿಲ್ಲ, ಲಾಲಮ್ಮ. ಹುಲಗಪ್ಪಣ್ಣ ನಮ್ಮ ನಿರ್ಮಲಾನ ಕುಣಿ ತೋಡಿದವ. ಅವನ ಸಲುವಾಗಿ ಬಂದೀನಿ. ಉಣ್ಣು."

ಲಾಲಮ್ಮ ಉಂಡಳು.

ಭಾನುವಾರ ಚರ್ಚಿನ ಗಂಟೆ ಬಾರಿಸಿದಾಗ ಅವಳು ಮೋರಿಯ ಕಟ್ಟೆಯ ಮೇಲೆಯೇ ಇದ್ದಳು. ನಸುಕಿನಲ್ಲೇ ನೀರು ನಿಂತಿತ್ತು. ಬಿಸಿಲು ಬರುತ್ತಿದ್ದಂತೆ ಕಾಲುವೆಯ ಮಟ್ಟ ಮೆಲ್ಲಗೆ ಇಳಿದು, ಎರಡೂ ಪಕ್ಕದ ಕಲ್ಲುಗಳ ಮೇಲೆ ಒದ್ದೆ ಗೆರೆ ಉಳಿಯಿತು. ಚರ್ಚಿನಿಂದ ಹಾಡು ಕೇಳುತ್ತಿತ್ತು. ಯಂಕಣ್ಣ ಮೆಟ್ಟಿಲಿಳಿದು ಮೋರಿಯ ಬಾಯಿಯ ಕಡೆಗೆ ಬಗ್ಗಿ ನೋಡಿದವನು ಹಾಗೇ ನಿಂತುಬಿಟ್ಟ. ಒಳಗಿನ ಕತ್ತಲಲ್ಲಿ ಹಿತ್ತಾಳೆ ಮಿನುಗುತ್ತಿತ್ತು. ತುಂಬಿದ ಪಂಪು ಮೋರಿಯೊಳಗಿನ ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಅದರ ಪಟ್ಟಿಗಳು ಹುಲಗಪ್ಪನನ್ನು ಬಿಟ್ಟಿರಲಿಲ್ಲ. ಅವನು ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ದಿನವೂ ಅವಳು ಕುಳಿತ ಕಟ್ಟೆಯ ಕೆಳಗೇ ಇದ್ದ.

ಸುದ್ದಿ ತಿಳಿದು ಚರ್ಚಿನಲ್ಲಿದ್ದವರು ಬಿಳಿ ಬಟ್ಟೆಯಲ್ಲೇ ಓಡಿ ಬಂದರು. ಹೊರಗೆ ತೆಗೆದು ದಂಡೆಯ ಮೇಲೆ ಮಲಗಿಸಿದಾಗ ಗುರುತು ಹಿಡಿಯಲು ಉಳಿದಿದ್ದು ಸೊಂಟದ ಉಡದಾರ, ಅಂಗಿಯ ಬಣ್ಣ. ಲಾಲಮ್ಮ ನೋಡಿದಳು. ಅವಳ ಗಂಟಲಿನಿಂದ ಬಂದ ಕೂಗಿಗೆ ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳು ಎದ್ದವು. ಮಣ್ಣಿಗೆ ಬಿದ್ದು, ಎರಡೂ ಕೈಯಿಂದ ನೆಲ ಬಡಿದು, ಗಂಡನ ಹೆಸರು ಹಿಡಿದು, ದೇವರ ಹೆಸರು ಹಿಡಿದು ಕೂಗಿದಳು.

"ಯಕ್ಕ, ನೀನೇ ಹಿಂಗ್ ಮಾಡಿದ್ರ ಹೆಂಗ? ಅಳಬ್ಯಾ..." ಎಂದು ಹಂಪಮ್ಮ ಬಗ್ಗಿದಳು.

"ಹಿಂದಕ ಸರಿ," ಎಂದಳು ಶೇಖಮ್ಮ. "ಆಕಿ ಅಳ್ಳಿ. ಯಾರೂ ಆಕಿನ್ನ ಮುಟ್ಟಬ್ಯಾಡ್ರಿ."

ಯಾರೂ ಮುಟ್ಟಲಿಲ್ಲ. ಶೇಖಮ್ಮ ತಾನೂ ದೂರ ಹೋಗಲಿಲ್ಲ. ಗಳವನ್ನು ಊರಿಕೊಂಡು ಪಕ್ಕದಲ್ಲೇ ನಿಂತಳು.

ಪಂಚನಾಮೆ ಮುಗಿದ ಮೇಲೆ, ಹೆಣವನ್ನು ಪೋಸ್ಟ್‌ಮಾರ್ಟಮ್ಮಿಗೆ ಶಹಾಪುರಕ್ಕೆ ಸಾಗಿಸಲು ಟ್ರ್ಯಾಕ್ಟರು ಕಾಯುತ್ತಿದ್ದಾಗ, ಸಾವ್ಕಾರನ ಆಳು ನಾಗಣ್ಣ ಬಂದ. ತಲೆ ಎತ್ತದೆ, "ಪಂಪು ತರಾಕ ಹೇಳ್ಯಾರ್ರಿ," ಎಂದ, ಯಾರಿಗೆ ಹೇಳುತ್ತಿದ್ದಾನೆಂದು ತನಗೇ ತಿಳಿಯದವನಂತೆ. ಕಾಲುವೆಯ ತಳದಲ್ಲಿ ನಿಂತ ನೀರಿನಲ್ಲಿ ಅದನ್ನು ತಿಕ್ಕಿ ತೊಳೆದ. ಕೆಟ್ಟಿದೆಯೋ ಏನೋ ಎಂದು ಹಿಡಿಕೆಯನ್ನು ಎರಡು ಸಲ ಒತ್ತಿ ನೋಡಿದ. ಕೊಳವೆಯ ತುದಿಯಿಂದ ನೀರು ಸಣ್ಣಗೆ ಚಿಮ್ಮಿತು.

ಶಹಾಪುರದಿಂದ ಹೆಣ ತಂದು ಸಂಜೆ ಮಣ್ಣು ಮಾಡಿದರು. ಕಾಲುವೆ ಬಂದ ಮೇಲೆ ಊರ ಕೆಳಗಿನ ನೆಲವೆಲ್ಲ ಜೌಗು. ಕ್ರೈಸ್ತರ ಸ್ಮಶಾನ ಅಲ್ಲೇ ಇತ್ತು. ಕುಣಿ ಎದೆಮಟ್ಟ ಆಳವಾಗುತ್ತಲೇ ನೀರು ಒಸರತೊಡಗಿತು. ಯಂಕಣ್ಣ ಬಕೀಟಿನಿಂದ ಮೊಗೆದು ಚೆಲ್ಲುತ್ತಿದ್ದ, ಅದು ಮತ್ತೆ ಬರುತ್ತಿತ್ತು. ಕೊನೆಗೆ ಪೆಟ್ಟಿಗೆಯನ್ನು ಹಾಗೆಯೇ ಇಳಿಸಿದರು. ಅದು ತುಸು ತೇಲಿದಂತಾಗಿ, ಆಮೇಲೆ ಕೂತಿತು.

"ಇದು ಕರ್ತನ ಚಿತ್ತ," ಎಂದು ಪಾದ್ರಿಯವರು ಶುರು ಮಾಡಿದರು. "ಆತನ ಚಿತ್ತವನ್ನು ಅರಿಯಲು ನಾವು ಯಾರು..."

"ಅಲ್ರಿ ಅಯ್ನೋರ."

ಎಲ್ಲರೂ ತಿರುಗಿದರು. ಲಾಲಮ್ಮನ ದನಿ ಅತ್ತು ಅತ್ತು ಒಡೆದಿತ್ತು.

"ಕರ್ತನ ಚಿತ್ತ ಅಂತ ಅನ್ನಬ್ಯಾಡ್ರಿ. ಕರ್ತ ಪಂಪು ಹೊರಿಸಿ ಕಳಿಸಿರ್ಲಿಲ್ಲ. ನೀರು ಬಂದ್ ಮಾಡಂಗಿಲ್ಲ ಅಂತ ಕರ್ತ ಹೇಳಿಲ್ಲ. ಕುರ್ಚಿ ಮ್ಯಾಲ ಕುಂತು ಚಾ ಕುಡದು ಎದ್ದು ಬಂದವ್ರು ನೀವು. ಮಂದಿ ಮಾಡಿದ್ದನ್ನ ಅವನ ತಲಿಗಿ ಕಟ್ಟಬ್ಯಾಡ್ರಿ. ಅವನ ಜೋಡಿ ನನ್ನ ಜಗಳ ಬ್ಯಾರೆ ಅದ."

ಪಾದ್ರಿಯವರ ಮುಖ ಕಪ್ಪಿಟ್ಟಿತು. ಪುಸ್ತಕದ ಹಾಳೆ ತಿರುವಿ, ಉಳಿದ ಪ್ರಾರ್ಥನೆಯನ್ನು ತಗ್ಗಿದ ದನಿಯಲ್ಲಿ ಓದಿ ಮುಗಿಸಿದರು. ಲಾಲಮ್ಮ ಒಂದು ಹಿಡಿ ಮಣ್ಣು ಹಾಕಿದಳು. ಮಣ್ಣಲ್ಲ, ಕೆಸರು. ಅದು ಅವಳ ಅಂಗೈಗೆ ಅಂಟಿಕೊಂಡಿತು.

ಮುಂದಿನ ಭಾನುವಾರ ಅವಳು ಚರ್ಚಿಗೆ ಹೋದಳು. ಬರಲಿಕ್ಕಿಲ್ಲವೆಂದುಕೊಂಡವರು ಸರಿದು ಜಾಗ ಕೊಟ್ಟರು. ಸಾಕ್ಷಿಯ ಹೊತ್ತಿಗೆ ಸಭೆಯ ಕಣ್ಣೆಲ್ಲ ಅವಳ ಮೇಲಿತ್ತು. ಯಾರೂ ಏಳಲಿಲ್ಲ. ಪಾದ್ರಿಯವರೇ ಕೇಳಿದರು: "ಲಾಲಮ್ಮ, ಎರಡು ಮಾತು ಹೇಳ್ತೀಯೇನವ್ವ? ಸಭೆಗೆ ಧೈರ್ಯ ಆಗ್ತದ."

ಲಾಲಮ್ಮ ಕೂತಲ್ಲಿಂದಲೇ, "ಇವತ್ತು ನನ್ನ ಹತ್ರ ಧೈರ್ಯ ಇಲ್ರಿ ಅಯ್ನೋರ, ಹಂಚಾಕ," ಎಂದಳು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಸಣ್ಣಗೆ ಅಳತೊಡಗಿದಳು. ಯಾರೂ ಆಕೆಗೆ ಸುಮ್ಮನಿರಲು ಹೇಳಲಿಲ್ಲ.

ಆ ವಾರವೇ ಕಾಲುವೆಗೆ ಮತ್ತೆ ನೀರು ಬಿಟ್ಟರು. ಊರಿನ ಬೋರಿನ ನೀರು ಸವುಳು. ಬೇಳೆ ಬೇಯದು, ಬಾಯಿಗಿಟ್ಟರೆ ಕಹಿ. ಕುಡಿಯಲು ಎಲ್ಲರಿಗೂ ಕಾಲುವೆಯದೇ ಬೇಕು. ಲಾಲಮ್ಮ ಎರಡು ದಿನ ಸವುಳು ನೀರನ್ನೇ ಕುಡಿದಳು. ಮೂರನೆಯ ದಿನ ಶೇಖಮ್ಮ ತನ್ನ ಕೊಡ ಹಿಡಿದು ಬಾಗಿಲ ಮುಂದೆ ನಿಂತಳು. ಒಳಗೆ ಬಾ ಎಂದು ಇವಳು ಕರೆಯಲಿಲ್ಲ, ಬರ್ತೀಯಾ ಎಂದು ಅವಳು ಕೇಳಲಿಲ್ಲ. ಲಾಲಮ್ಮ ಮೂಲೆಯಲ್ಲಿದ್ದ ಕೊಡ ಎತ್ತಿಕೊಂಡಳು.

ಮೋರಿಯನ್ನು ದಾಟಿ, ಕೆಳಗಿನ ಮೆಟ್ಟಿಲುಗಳ ಹತ್ತಿರ ಇಬ್ಬರೂ ಇಳಿದರು. ಕೆಂಪು ನೀರು ದಂಡೆ ತುಂಬ ಹರಿಯುತ್ತಿತ್ತು. ಶೇಖಮ್ಮ ತುಂಬಿಕೊಂಡು ಮೇಲೆ ಬಂದು ನಿಂತಳು. ಲಾಲಮ್ಮ ಕೊನೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೀರು ನೋಡಿದಳು. ಅವಳ ತುಟಿಗಳು ಅಲ್ಲಾಡುತ್ತಿದ್ದವು. ಶೇಖಮ್ಮ ಏನೆಂದು ಕೇಳಲಿಲ್ಲ. ಆಮೇಲೆ ಲಾಲಮ್ಮ ಮೇಲಿನ ನೊರೆಯನ್ನು ಅಂಗೈಯಿಂದ ಅತ್ತ ಸರಿಸಿ, ಕೊಡವನ್ನು ಬಾಗಿಸಿ ನೀರಿಗಿಟ್ಟಳು. ಅದು ಗುಳುಗುಳು ಸದ್ದು ಮಾಡುತ್ತ ತುಂಬಿಕೊಂಡಿತು.