ಆ ಕಡೆ ಹೋಗುವ ಮುನ್ನ

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರು, ಅದರೊಳಗೆ ಎರಡು ಸಂಸಾರ. ಅಮ್ಮನ ಕಸೂತಿ ಮೆಷೀನಿಗೆ ಡಿಸೈನ್ ಮಾಡಿಕೊಡುವ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ನಾನು ಸಿನಿಮಾಗಳಿಗೆ ಸಬ್‌ಟೈಟಲ್ ಕೂಡಿಸುವುದು ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ. ಕಾಲೇಜಿನಲ್ಲಿ ಕೈ ಕೂತದ್ದು ಅದರಲ್ಲೇ, ಬಿಡಲು ಮನಸ್ಸಿಲ್ಲ. ಹಾಗಾಗಿ ದಿನದಲ್ಲಿ ಹಲವು ಸಲ ಕಂಪ್ಯೂಟರನ್ನು ಆಫ್ ಮಾಡಿ, ಆನ್ ಮಾಡಿ, ಈ ಕಡೆಯಿಂದ ಆ ಕಡೆಗೆ ಹೋಗಬೇಕು. ಆನ್ ಆದ ಕೂಡಲೇ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ. ಮೇಲಿನದು ನನ್ನದು, ಕೆಳಗಿನದು ಅಮ್ಮನದು. ಬಾಣದ ಗುರುತಿನ ಕೀ ಒತ್ತಿ ಕೆಳಗಿನದಕ್ಕೆ ಇಳಿಯಬೇಕು. ಸುಮ್ಮನಿದ್ದರೆ ತುಸು ಹೊತ್ತಿನಲ್ಲಿ ತಾನಾಗಿಯೇ ನನ್ನ ಕಡೆ ಹೊರಟುಬಿಡುತ್ತದೆ.

"ಏಳೇ, ನನ್ನ ಮನೆಗೆ ಹೋಗೋ ಹೊತ್ತಾಯ್ತು," ಎನ್ನುತ್ತಾ ಬರುತ್ತಾಳೆ ಅಮ್ಮ, ಮಡಿಲ ತುಂಬ ದಾರದ ಉಂಡೆ.

ಹಳೆಯ ಡಿಸ್ಕು, ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವಷ್ಟರಲ್ಲಿ ಅದಕ್ಕೆ ಏದುಸಿರು. ಅಲ್ಲಿಯ ತನಕ ನಾವಿಬ್ಬರೂ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿರುತ್ತೇವೆ. ಕಪ್ಪು ಪರದೆಯಲ್ಲಿ ನಮ್ಮ ಮುಖಗಳು ಮಸುಕಾಗಿ ಕಾಣುತ್ತವೆ. ಅಮ್ಮನ ಮುಖ ನೋಡಿ ಹೇಳಲಾಗದ್ದನ್ನು ಆ ಪರದೆಯೊಳಗಿನ ಅಮ್ಮನಿಗೆ ಹೇಳುತ್ತೇನೆ. ಸಂದರ್ಶನದಲ್ಲಿ ಬಾಯಿ ಕಟ್ಟಿಹೋದದ್ದು, ಗೆಳತಿ ಮಾತು ಬಿಟ್ಟದ್ದು, ಎಲ್ಲ ಹೊರಬಿದ್ದದ್ದು ಅಲ್ಲೇ. ಉಳಿದಂತೆ ನನ್ನ ಮಾತುಕತೆಯೆಲ್ಲ ಡೈರಿಯ ಜೊತೆ. ಅದು "ಹೂಂ" ಅನ್ನುವುದಿಲ್ಲ, ಅಮ್ಮ ಅನ್ನುತ್ತಾಳೆ.

ಕಳೆದ ವಾರ ಒಂದು ದೊಡ್ಡ ಮಾತು ಗಂಟಲವರೆಗೆ ಬಂದಿತ್ತು. ನನಗೆ ಕೆಲಸ ಕಳಿಸುವ ಸ್ಟುಡಿಯೋದವರು ಅಲ್ಲಿಗೇ ಬಂದು ಕೂತು ಕೆಲಸ ಮಾಡು ಎಂದು ಕರೆದಿದ್ದರು. ಶನಿವಾರದೊಳಗೆ ಉತ್ತರ ಹೇಳಬೇಕು. ಹೋಗುವ ಆಸೆ ಬೆಟ್ಟದಷ್ಟು; ಗೊತ್ತಿಲ್ಲದ ಜನರ ನಡುವೆ ಕೂರುವ ಭಯವೂ ಅಷ್ಟೇ. ಅಮ್ಮನಿಗೆ ಹೇಳದೆ ಯಾವ ಕಡೆಗೂ ಕಾಲು ಏಳದು. "ಅಮ್ಮಾ, ಸ್ಟುಡಿಯೋದವರು..." ಅನ್ನುವಷ್ಟರಲ್ಲಿ ಅಕ್ಕ ಡ್ಯೂಟಿ ಮುಗಿಸಿ ಒಳಗೆ ಬಂದಳು. ಅವಳು ನರ್ಸು. ಕಾಯುವುದೆಂದರೆ ಮೈಯೆಲ್ಲ ಉರಿ.

"ಇನ್ನೂ ತಿರುಗ್ತಾನೇ ಇದೆಯಾ ಇದು? ಇಷ್ಟರಲ್ಲಿ ನಾನು ಸ್ನಾನ ಮುಗಿಸಿ ಬರ್ತಿದ್ದೆ."

"ನಿನ್ನ ಸ್ನಾನ ಗೊತ್ತಿಲ್ವೇನೇ, ಮೈ ಒದ್ದೆಯಾದ್ರೆ ಮುಗೀತು," ಅಂದಳು ಅಮ್ಮ.

"ನಗು, ನಗು. ಹೊಸ ಡಿಸ್ಕ್ ಹಾಕಿಸ್ತೀನಿ. ಎರಡೂ ಹಾಗೇ ಇರುತ್ತೆ, ಕಣ್ಣು ಮಿಟುಕಿಸೋದ್ರೊಳಗೆ ಆನ್. ಏನೇ ಮೂಗಿ, ಬೇಡ್ವಾ?"

ಮೂಗಿ ಅಂದರೆ ನಾನು. ಬೇಡ ಅಂದರೆ ಕಾರಣ ಹೇಳಬೇಕಲ್ಲ. "ಹಾಕಿಸು," ಅಂದೆ.

ಅಕ್ಕ ಹೇಳಿದ್ದು ಸುಳ್ಳಾಗಲಿಲ್ಲ. ಅಂಗಡಿಯಿಂದ ಬಂದ ಕಂಪ್ಯೂಟರಿಗೆ ರೆಕ್ಕೆ ಮೂಡಿತ್ತು. ಎರಡು ಸಾಲು ನಿಲ್ಲುವ ಹೊತ್ತನ್ನೂ ಅಂಗಡಿಯವರು ಮೊಟಕು ಮಾಡಿದ್ದರು. ಕಂಡವು, ಹೋದವು; ನಾನು ಉಸಿರೆಳೆದುಕೊಳ್ಳುವ ಮೊದಲೇ ಪರದೆ ಬೆಳಗಿತು. ಬೆಂಚೂ ಬಿಸಿಯಾಗಿರಲಿಲ್ಲ.

"ಅಯ್ಯೋ, ನಿನ್ನ ಮನೆಗೇ ಬಂದುಬಿಟ್ವಲ್ಲ," ಅಂದಳು ಅಮ್ಮ. "ಮತ್ತೆ ಆಫ್ ಮಾಡು."

ಮತ್ತೆ ಆನ್ ಮಾಡಿದರೂ ಅದೇ. "ಕೈ ಓಡಲ್ಲ ಕಣೇ, ವಯಸ್ಸಾಯ್ತು." ಮಾರನೆಯ ದಿನವೂ ತಪ್ಪಿತು. ಸರಿ, ತೋರಿಸಿಕೊಡೋಣ ಎಂದು ಅವಳ ಕೈ ನೋಡಿದೆ. ಬೆರಳು ಬಾಣದ ಕೀಯ ಮೇಲೇ ಇತ್ತು, ಒತ್ತುತ್ತಿರಲಿಲ್ಲ. ಅಮ್ಮ ಪರದೆಯೊಳಗಿನ ನನ್ನ ಮುಖವನ್ನೇ ನೋಡುತ್ತಿದ್ದಳು.

ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಕೈ ಅದು. ಕಸೂತಿಯ ಬ್ಯಾಡ್ಜಿನ ಮೇಲೆ ತಪ್ಪಿದ ಒಂದೇ ಒಂದು ಹೊಲಿಗೆಯನ್ನು ಪಕ್ಕದ್ದಕ್ಕೆ ನೋವಾಗದ ಹಾಗೆ ಬಿಚ್ಚುವ ಕೈ. ಅದಕ್ಕೆ ಒಂದು ಕೀ ಒತ್ತಲು ಬರುವುದಿಲ್ಲವಂತೆ!

ಅಮ್ಮ ಯಾವುದೋ ಕ್ಲಬ್ಬಿನವರು ಹೊಲಿಸಿಕೊಂಡಿದ್ದ ಬ್ಯಾಡ್ಜುಗಳನ್ನು ಕೊಟ್ಟುಬರಲು ಹೋದಾಗ ನಾನು ಕಂಪ್ಯೂಟರಿನ ನನ್ನ ಕಡೆಗೆ ಹೋಗಿ, ಆ ಎರಡು ಸಾಲುಗಳು ಎಷ್ಟು ಹೊತ್ತು ನಿಲ್ಲಬೇಕು ಎಂದು ಬರೆದಿರುವ ಫೈಲು ತೆರೆದೆ. ತಾನಾಗಿ ಹೊರಡಲೇಬೇಡ ಎಂದು ಬದಲಿಸಿದೆ. ಚಿಕ್ಕ ಕೆಲಸ, ಆದರೂ ಡಬ್ಬಿಗೆ ಕೈ ಹಾಕಿ ಸಕ್ಕರೆ ಕದ್ದಷ್ಟು ಎದೆ ಹೊಡೆದುಕೊಂಡಿತು.

ಶುಕ್ರವಾರ ಸಂಜೆ ಅಮ್ಮ ಬಂದು ಪಕ್ಕದಲ್ಲಿ ಕೂತಳು. ಎರಡು ಸಾಲು ಮೂಡಿದವು. ನಿಂತವು. ಅಮ್ಮ ಕಾದಳು.

"ಇದೇನೇ, ಹೋಗ್ತಾನೇ ಇಲ್ಲ?"

"ನಾವು ಒತ್ತೋ ತನಕ ಹೋಗಲ್ಲ."

"ಓಹೋ." ಬೆರಳು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಆವತ್ತು ಸ್ಟುಡಿಯೋದವರು ಅಂದ್ಯಲ್ಲ. ಏನಂತೆ ಅವರಿಗೆ?"

ಆಸೆ, ಭಯ, ನಾಳೆಯ ಗಡುವು, ಎಲ್ಲ ಹೇಳಿಕೊಂಡೆ. ಇಷ್ಟು ಉದ್ದ ನಾನು ಯಾರ ಹತ್ತಿರವೂ ಮಾತಾಡಿದ್ದಿಲ್ಲ.

"ಅಲ್ಲಿ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ತಾನೇ ಕೂರೋದು? ಮಾತು ಎಲ್ಲಿಂದ ಬಂತು?"

"ಊಟದ ಹೊತ್ತಲ್ಲಿ?"

"ಬಾಯ್ತುಂಬ ತುತ್ತು ಇಟ್ಕೋ."

ನಗು ತಡೆಯಲಾಗಲಿಲ್ಲ. ಪರದೆಯೊಳಗೆ ಅಮ್ಮನೂ ನಗುತ್ತಿದ್ದಳು.

"ಬರ್ತೀನಿ ಅಂತ ಹೇಳಿಬಿಡ್ಲಾ ಹಾಗಾದ್ರೆ?"

"ಹೇಳೇ. ಸಂಜೆ ನನ್ನನ್ನ ನನ್ನ ಮನೆಗೆ ಬಿಡೋಕೆ ಮಾತ್ರ ಬಂದ್ಬಿಡು. ನನಗಂತೂ ಕೈ ಓಡಲ್ಲ."

"ಗೊತ್ತು," ಅಂದೆ.

ಅಡುಗೆಮನೆಯಿಂದ ಅಕ್ಕನ ಕೂಗು ಬಂತು. "ಇನ್ನೂ ಆನ್ ಆಗಿಲ್ವಾ? ಹೊಸ ಡಿಸ್ಕೂ ಕೆಟ್ಟುಹೋಯ್ತಾ?"

"ಇಲ್ಲ ಕಣೇ, ಆಗ್ತಾ ಇದೆ," ಅಂದಳು ಅಮ್ಮ, ಮಡಿಲಿನಿಂದ ಕೈ ತೆಗೆಯದೆ.