ಹೊಳೆಯಾಚೆಯ ಮದ್ದು

ಮುಂದೆ ಹೋಗುತ್ತಿರುವ ಲಾರಿಯಿಂದ ಈರುಳ್ಳಿ ಸಿಪ್ಪೆ ಹಾರಿ ಬಂದು ಗಾಜಿಗೆ ಅಂಟಿಕೊಳ್ಳುತ್ತದೆ, ಒಂದು, ಅದರ ಹಿಂದೆಯೇ ಇನ್ನೊಂದು, ಜೇನುಬಣ್ಣದ್ದು, ಬಿಸಿಲು ತೂರಿ ಬರುವಷ್ಟು ತೆಳು, ವೈಪರ್ ಹಾಕಲೋ ಬೇಡವೋ, ಹಾಕಿದರೆ ಗಾಜೆಲ್ಲ ರಾಡಿ, ಬಿಟ್ಟರೆ ತಾನಾಗಿಯೇ ಹಾರಿಹೋಗುತ್ತದೆ, ಬಿಡು ಮಯಾಲೆನ್, ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವಾಗ ಹೇಗೋ ಹಾಗೆ — ಇಷ್ಟು ವರ್ಷ ಅಷ್ಟುದ್ದದ ಹಳದಿ ಬಸ್ಸನ್ನು ಹಿಮದಲ್ಲೂ ಮಂಜಿನಲ್ಲೂ ಓಡಿಸಿದವಳಿಗೆ ಇವತ್ತು ಈ ಪುಟ್ಟ ಕಾರು ಓಡಿಸಲು ಕುತ್ತಿಗೆ ಬೆವರುತ್ತಿದೆ, ಯಾಕೆಂದರೆ ಸೀಟಿನ ಕೆಳಗೆ ಚೀಲ ಇದೆ, ಚೀಲದೊಳಗೆ ಉಣ್ಣೆಯ ಕಾಲುಚೀಲ, ಕಾಲುಚೀಲದೊಳಗೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಬಾಟಲಿ, ಗಾಂಜಾ ಎಣ್ಣೆ, ಇನ್ನೂ ಒರೆಗಾನ್ ರಾಜ್ಯದಲ್ಲೇ ಇದ್ದೇವೆ, ಇಲ್ಲಿಯವರೆಗೆ ಅದು ಅಂಗಡಿಯಲ್ಲಿ ಕೊಂಡ ಸಾಮಾನು, ನಿಸ್ಸಾ ಊರು ದಾಟಿ ಸೇತುವೆ ಮುಗಿದು ನಮ್ಮ ಮನೆಯಿರುವ ಐಡಹೊ ರಾಜ್ಯದ ಮಣ್ಣಿಗೆ ಗಾಲಿ ತಾಕಿದ ಕ್ಷಣ ಅದು ಅಪರಾಧ. ಒಂದೇ ಬಾಟಲಿ, ಒಂದೇ ಎಣ್ಣೆ. ಪಕ್ಕದಲ್ಲಿ ಅಪ್ಪ ಕಣ್ಣು ಮುಚ್ಚಿ ಒರಗಿದ್ದಾನೆ, ನಿದ್ದೆಯೋ ಸುಮ್ಮನೆಯೋ ತಿಳಿಯದು, ಈ ಸೆಖೆಯಲ್ಲೂ ಆ ಕುರಿಚರ್ಮದ ಕೋಟು ಬಿಚ್ಚಲಿಲ್ಲ, ತೆಗಿಯಪ್ಪ ಅಂದರೆ ಚಳಿ ಕಣೇ ಅಂದ, ಅವನ ಉಸಿರಿನಲ್ಲಿ ಬೆಳ್ಳುಳ್ಳಿ ಹಾಕಿದ ಚೊರಿಸೊ ಮಾಂಸದ ವಾಸನೆ, ಎಷ್ಟೋ ವಾರದ ಮೇಲೆ ಅಪ್ಪನ ಬಾಯಿಂದ ಊಟದ ವಾಸನೆ.

ಬೇಸಿಗೆಯ ಮೊದಲಲ್ಲಿ ಕಣ್ಣು ಹಳದಿಯಾಯಿತು, ಕಾಮಾಲೆ ಅಂದುಕೊಂಡರು, ಆಮೇಲೆ ಹೊಟ್ಟೆಯ ಹಿಂದೆ ಎಲ್ಲೋ ಕ್ಯಾನ್ಸರ್ ಅಂದರು, ಕತ್ತರಿಸುವ ಹಂತ ದಾಟಿದೆ ಅಂದರು, ಫೆರ್ಮಿನ್ ಎಂಬ ಹೆಸರಿನ ಈ ಮನುಷ್ಯ, ಸಮುದ್ರದಾಚೆಯ ಬಾಸ್ಕ್ ನಾಡಿನ ಗುಡ್ಡದಿಂದ ಹದಿಹರೆಯದಲ್ಲಿ ಬಂದು ಇಲ್ಲಿನ ಓವೈಹಿ ಬೆಟ್ಟಗಳಲ್ಲಿ ಒಬ್ಬನೇ ಕುರಿ ಕಾಯ್ದವನು, ಡಾಕ್ಟರ ಮಾತನ್ನೆಲ್ಲ ಕೇಳಿ ಮುಗಿಸಿ ಟೋಪಿ ಹಾಕಿಕೊಂಡು, ಸರಿ, ಇನ್ನು ಮನೆಗೆ ಹೋಗೋಣ ಅಂದ, ಅಷ್ಟೇ. ನೋವಿಗೆ ಮಾರ್ಫಿನ್ ಕೊಟ್ಟರು. ಮಾರ್ಫಿನ್ ನೋವು ಕಳೆಯಿತು, ಜೊತೆಗೆ ಅಪ್ಪನನ್ನೂ ಕಳೆಯಿತು — ಸತ್ತು ಎಷ್ಟೋ ವರ್ಷವಾದ ನಾಯಿಯನ್ನು ಮಂಚದ ಕೆಳಗೆ ಇದೆಯೆಂದು ಕರೆಯುತ್ತಾನೆ, ಮಗಳನ್ನು ನೋಡಿ ತೀರಿಹೋದ ಅಮ್ಮನ ಹೆಸರು ಹಿಡಿದು ಗದರುತ್ತಾನೆ, ತಿಂದದ್ದೆಲ್ಲ ವಾಂತಿ, ನೀರು ಕೂಡ ನಿಲ್ಲದು, ಎಚ್ಚರಾದಾಗ ಒಂದೇ ಮಾತು, ಮಗಳೇ, ನೋವಿದ್ರೂ ಪರವಾಗಿಲ್ಲ, ನಂಗೆ ನಾನು ಯಾರು ಅಂತ ಗೊತ್ತಿರ್ಬೇಕು. ಮನೆಗೆ ಬರುವ ನರ್ಸ್ ಡೆಲ್ಫಾಳನ್ನು ಅಂಗಳದಲ್ಲಿ ನಿಲ್ಲಿಸಿ ಮಯಾಲೆನ್ ಕೇಳಿದ್ದಳು, ಆ ಎಣ್ಣೆ ಕೊಟ್ಟರೆ ಹೇಗೆ, ಅದು ವಾಂತಿ ನಿಲ್ಲಿಸುತ್ತದಂತೆ, ಊಟ ಸೇರುತ್ತದಂತೆ. ಡೆಲ್ಫಾ ತನ್ನ ಕಾರಿನ ಬೀಗದ ಕೈ ನೋಡುತ್ತಾ ನಿಂತಳು, ನೀನು ಕೇಳಿದ್ದು ನಂಗೆ ಕೇಳಿಸ್ಲಿಲ್ಲ, ಕೇಳಿಸಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ, ಅಂದಳು, ಕಾರಿಗೆ ಹತ್ತಿ ಗಾಜು ಇಳಿಸಿ, ಕೊಡೋದಾದ್ರೆ ನಾಲಿಗೆ ಅಡಿಗೆ, ಶುರುವಿಗೆ ಕಮ್ಮಿ, ಅಂತ ರಸ್ತೆಗೆ ಹೇಳುವವಳ ಹಾಗೆ ಹೇಳಿ ಹೋದಳು. ಹೊಳೆ ದಾಟಿ ಪಶ್ಚಿಮಕ್ಕೆ, ಒರೆಗಾನ್‌ಗೆ ಹೋದರೆ ಡಾಕ್ಟರ ಚೀಟಿಯೂ ಬೇಡ, ಪೂರ್ವದ ದಡದ ಐಡಹೊದಲ್ಲಿ ಸಾಯುವವನಿಗೂ ಇಲ್ಲ, ಯಾವ ರೋಗಕ್ಕೂ ಇಲ್ಲ, ಒಂದು ಹನಿಗೂ ಇಲ್ಲ, ಸಿಕ್ಕಿದರೆ ಜೈಲು, ಜೈಲಿಗೆ ಹೋಗದಿದ್ದರೂ ಬಸ್ ಓಡಿಸುವವಳ ಲೈಸೆನ್ಸು ಅಲ್ಲಿಗೆ ಮುಗಿಯಿತು, ಗಾಂಜಾ ಕೇಸಿನವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ — ಇರಲಿ, ಬಸ್ಸು ಹೋಗಲಿ, ಒಂದು ರಾತ್ರಿ ಅವಳನ್ನು ಒಳಗಿಟ್ಟರೆ ಅಪ್ಪನ ತಲೆ ಎತ್ತಿ ಹಿಡಿದು ನೀರು ಕುಡಿಸುವವರು ಯಾರು, ಅದೊಂದೇ, ಅದಕ್ಕೇ ಇಷ್ಟು ದಿನ ಧೈರ್ಯ ಬಂದಿರಲಿಲ್ಲ.

ಇವತ್ತು ಬೆಳಿಗ್ಗೆ, ಒರೆಗಾನ್ ಕಡೆಯ ಒಂಟಾರಿಯೊ ಊರಿನ ಗಾಂಜಾ ಅಂಗಡಿಯ ಮುಂದೆ ನಿಂತ ಕಾರುಗಳಲ್ಲಿ ಮುಕ್ಕಾಲು ಪಾಲು ಐಡಹೊದವೇ, ಎಲ್ಲರೂ ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಾರೆ, ತಲೆ ತಗ್ಗಿಸಿಕೊಂಡೇ ಹೊರಗೆ ಬರುತ್ತಾರೆ, ಪಾಪನಿವೇದನೆಗೆ ಹೋಗಿ ಬಂದವರ ಹಾಗೆ, ಅವಳ ಚರ್ಚಿನ ಒಬ್ಬಾಕೆ ಎದುರಿಗೇ ಸಿಕ್ಕರೂ ಇಬ್ಬರೂ ಗುರುತಿಲ್ಲದವರ ಹಾಗೆ ದಾಟಿಹೋದರು. ಅಪ್ಪ ಬರಲೇಬೇಕೆಂದು ಹಟ ಹಿಡಿದಿದ್ದ, ನೀನು ಮನೇಲಿರು ಅಂದರೆ, ನಿಂಗೆ ಸುಳ್ಳು ಹೇಳೋಕೆ ಬರಲ್ಲ, ಜೊತೆಗೆ ಯಾರಾದ್ರೂ ಬೇಕು ಅಂದ, ನಿಂಗೆ ಬರುತ್ತಾ ಅಂದರೆ, ಇಲ್ಲ, ಆದ್ರೆ ಮುದುಕರನ್ನ ಯಾರೂ ಏನೂ ಕೇಳಲ್ಲ ಅಂದ. ಆಮೇಲೆ ಹೊಳೆಯ ದಡದಲ್ಲಿ ಪಾಪ್ಲರ್ ಮರದ ಕೆಳಗೆ ಕಾರು ನಿಲ್ಲಿಸಿ ಅಪ್ಪನ ನಾಲಿಗೆಯಡಿಗೆ ಎಣ್ಣೆ ಬಿಟ್ಟಳು, ಥೂ, ಹುಲ್ಲು, ಹಸಿ ಹುಲ್ಲು, ಅಂತ ಮುಖ ಕಿವುಚಿದ, ಕಾದರು, ಎಲೆ ಉದುರುವುದನ್ನು ನೋಡುತ್ತಾ ಕಾದರು, ಏನೂ ಆಗಲಿಲ್ಲ ಅಂತ ಅವಳು ಅಂದುಕೊಳ್ಳುವಷ್ಟರಲ್ಲಿ, ಏನಾದ್ರೂ ತಂದಿದ್ದೀಯಾ ತಿನ್ನೋಕೆ, ಅಂತ ಅವನೇ ಕೇಳಿದ, ಕೇಳಿದ ಬಗೆ ಎಷ್ಟು ಮಾಮೂಲಾಗಿತ್ತೆಂದರೆ ಅವಳು ಚಾಕು ಹುಡುಕದೆ ರೊಟ್ಟಿ, ಚೊರಿಸೊ ಎರಡನ್ನೂ ಕೈಯಲ್ಲೇ ಮುರಿದುಕೊಟ್ಟಳು, ಅವನು ನಿಧಾನಕ್ಕೆ ಅಗಿದ, ನುಂಗಿದ, ಅದು ಒಳಗೇ ನಿಂತಿತು. ನೋಟ ತಿಳಿಯಾಗಿತ್ತು. ಹೊಳೆ ತೋರಿಸಿ ಹೇಳಿದ, ಈ ಜಾಗಕ್ಕಿಂತ ಸ್ವಲ್ಪ ಮೇಲೆ ಕುರಿ ದಾಟಿಸ್ತಿದ್ದೆವು, ಆ ದಡದ ಹುಲ್ಲು ತಿಂದು ಬಂದು ಈ ದಡದಲ್ಲಿ ಮೆಲುಕು ಹಾಕ್ತಿದ್ವು, ಎಲ್ಲಿ ಮೇಯ್ದು ಬಂದ್ರಿ ಅಂತ ಒಬ್ಬ ಪೊಲೀಸೂ ಕೇಳ್ಲಿಲ್ಲ. ನಕ್ಕ, ನಕ್ಕರೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಮ್ಮನನ್ನು ಮೊದಲು ಕಂಡ ಕುಣಿತದ ಮಾತು ಬಂತು, ಅವಳು ಕೆಂಪು ಲಂಗ ಉಟ್ಟಿದ್ದಳು ಅಂದ, ಹಸಿರು ಅಂತಿದ್ದೆಯಲ್ಲ ಇಷ್ಟು ದಿನ ಅಂದರೆ, ಅದು ಅವಳ ಅಕ್ಕ ಕಣೇ, ಮೊದಲು ನಾನು ನೋಡಿದ್ದೇ ಅಕ್ಕನ್ನ, ನಿಮ್ಮಮ್ಮಂಗೆ ಹೇಳ್ಬೇಡ. ಅವಳು ಲೋಟ ತೊಳೆಯಲು ನೀರಿನ ಹತ್ತಿರ ಇಳಿದಳು, ತಣ್ಣಗಿನ ನೀರಿನ ಪಕ್ಕ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂತಳು, ಅಪ್ಪ ನೋಡುತ್ತಿಲ್ಲವೆಂದು ಅತ್ತಳು, ತಿರುಗಿ ಬಂದಾಗ ಅಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

ಸೇತುವೆ. ಕೆಳಗೆ ಹೊಳೆ ಅಗಲಕ್ಕೆ, ಮಣ್ಣುಬಣ್ಣಕ್ಕೆ, ಮೈ ಚಾಚಿ ಮಲಗಿದೆ, ಕಬ್ಬಿಣದ ಕಂಬಗಳ ನೆರಳು ಅಪ್ಪನ ಮುಖದ ಮೇಲೆ ಹಾದು ಹೋಗುತ್ತದೆ, ಬಂತು, ದಾಟಿತು, ಐಡಹೊಗೆ ಸ್ವಾಗತ ಅಂತ ಫಲಕ, ಏನೂ ಬದಲಾಗಲಿಲ್ಲ ನೋಡು, ಅದೇ ಹೊಲ, ಅದೇ ಬಿಸಿಲು, ಅದೇ ಲಾರಿ, ಇನ್ನು ಪಾರ್ಮಾ, ಅಲ್ಲಿಂದ ಹೋಮ್‌ಡೇಲ್, ಮನೆ, ಇವತ್ತು ಸಂಜೆ ಬೇಳೆಯ ಸಾರು ಮಾಡುತ್ತೇನೆ, ಸ್ವಲ್ಪ ಕುಡಿದಾನು, ನಾಳೆಯೂ ಕುಡಿದಾನು — ಲಾರಿ ಹಳ್ಳಕ್ಕೆ ಬಿದ್ದು ಎದ್ದಿತು, ಮುಷ್ಟಿಗಿಂತ ದಪ್ಪದ ಈರುಳ್ಳಿಗಳು ಧೊಪಧೊಪ ಉದುರಿ ಪುಟಿಯುತ್ತಾ ಬಂದವು, ಅವಳು ಕಾರು ಪಕ್ಕಕ್ಕೆ ಸರಿಸಿದಳು, ಸರಿಸಬಾರದಿತ್ತು, ಗಾಲಿ ರಸ್ತೆ ನಡುವಿನ ಹಳದಿ ಗೆರೆ ತುಳಿಯಿತು, ಒಂದು ಕ್ಷಣ, ತಿರುಗಿ ಒಳಗೆ ಬಂದಳು, ಎದುರಿಗೆ ಯಾರೂ ಇರಲಿಲ್ಲ, ಹಿಂದೆ ಇದ್ದ. ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ನಿಂತಿದ್ದ ಬಿಳಿ ಗಾಡಿ ಧೂಳೆಬ್ಬಿಸಿಕೊಂಡು ರಸ್ತೆಗೆ ಹತ್ತಿತು, ಕನ್ನಡಿಯಲ್ಲಿ ಕೆಂಪು ನೀಲಿ, ಕೆಂಪು ನೀಲಿ, ಲಾರಿಗಲ್ಲ, ತನಗೇ, ನಿಲ್ಲಿಸು, ಸೂಚನಾದೀಪ ಹಾಕಿ ನಿಲ್ಲಿಸು, ಕೈ ಕಾಣುವ ಹಾಗಿರಲಿ, ಅಪ್ಪಾ ಏಳು, ಪೊಲೀಸು. ಎದ್ದೇ ಇದ್ದೀನಿ, ಅಂದ ಅಪ್ಪ ಕಣ್ಣು ತೆರೆಯದೆ.

ನಡುವಯಸ್ಸಿನವನು, ಮುಖಕ್ಷೌರ ನೀಟಾಗಿ ಮಾಡಿಕೊಂಡವನು, ಟೋಪಿ ತೆಗೆದು ಅಪ್ಪನ ಕಡೆಯ ಅರೆತೆರೆದ ಕಿಟಕಿಗೆ ಬಗ್ಗಿ ಮಾತಾಡುವ ಮರ್ಯಾದಸ್ಥ, ಒರಟನಾಗಿದ್ದರೆ ವಾಸಿಯಿತ್ತೇನೋ. ಗೆರೆ ತುಳಿದಿರಿ ಅಂದ, ಈರುಳ್ಳಿ ಅಂದಳು, ನೋಡಿದೆ ಅಂದ, ಎಲ್ಲಿಂದ ಬರುತ್ತಿದ್ದೀರಿ ಅಂದ, ಹೊಳೆಯಿಂದ, ಅಪ್ಪನಿಗೆ ಹುಷಾರಿಲ್ಲ, ಹೊಳೆ ನೋಡಬೇಕು ಅಂತಿದ್ದ, ಅಂದಳು, ಅದು ನಿಜ, ನಿಜವನ್ನೇ ಹೇಳುತ್ತಿದ್ದೇನೆ. ಅವನ ಕಣ್ಣು ಅಪ್ಪನ ಮುಖ, ಹಿಂದಿನ ಸೀಟು, ಅವಳ ಕಾಲಬುಡ ಎಲ್ಲ ಸುತ್ತಿ ಬಂತು, ಕಾರಿನಲ್ಲಿ ಗಾಂಜಾ ಏನಾದರೂ ಇದೆಯಾ, ಆ ಕಡೆಯಿಂದ ತಂದದ್ದು, ಎಲ್ಲರನ್ನೂ ಕೇಳುತ್ತೇನೆ ಮೇಡಂ. ಇಲ್ಲ ಅನ್ನಬೇಕು, ತಕ್ಷಣ ಅನ್ನಬೇಕು, ಅನ್ನಲು ಅವಳು ಒಂದು ಉಸಿರು ತಡ ಮಾಡಿದಳು, ಆ ಒಂದು ಉಸಿರನ್ನು ಅವನು ಕೇಳಿಸಿಕೊಂಡ. ಹೆಗಲ ಮೇಲಿನ ಯಂತ್ರಕ್ಕೆ ಏನೋ ಹೇಳಿದ, ನಾಯಿ ಕರೆಸುತ್ತಿದ್ದೇನೆ, ಪಾರ್ಮಾದಲ್ಲೇ ಇದೆ, ಬಂದುಬಿಡುತ್ತದೆ ಅಂದ, ಆಮೇಲೆ ಇನ್ನೂ ಸ್ವಲ್ಪ ಬಗ್ಗಿ, ಇದ್ರೆ ಈಗ್ಲೇ ಹೇಳಿಬಿಡಿ ಮೇಡಂ, ನಾಯಿ ಹುಡುಕಿದ್ಮೇಲೆ ನನ್ನ ಕೈಲಿ ಏನೂ ಇರಲ್ಲ. ನಾಯಿ ಮೂಸುತ್ತದೆ, ಚೀಲ, ಕಾಲುಚೀಲ, ಅವಳ ಚೀಲ, ಅವಳ ಹೆಸರಿನ ಗುರುತಿನ ಚೀಟಿ ಅದರಲ್ಲೇ ಇದೆ, ಕೈಕೋಳ ಹಾಕಿ ಒಯ್ಯುತ್ತಾರೆ, ಅಪ್ಪನನ್ನು ಯಾರು ಇಳಿಸುತ್ತಾರೆ ಕಾರಿನಿಂದ, ಇಳಿಸುವಾಗ ಎಡಗಡೆ ಹಿಡಿಯಬಾರದೆಂದು ಯಾರಿಗೆ ಗೊತ್ತು, ಹೇಳಿಬಿಡುತ್ತೇನೆ, ನನ್ನದು, ಎರಡೇ ಮಾತು, ನನ್ನದು ಸಾರ್ — ಬಾಯಿ ತೆರೆದಳು. ನೀ ಸುಮ್ನಿರು, ಅಂದ ಅಪ್ಪ ಬಾಸ್ಕ್ ಮಾತಿನಲ್ಲಿ, ಕುರಿದೊಡ್ಡಿಯ ಗೇಟು ಹಾಕು ಅನ್ನುವ ದನಿಯಲ್ಲಿ, ಕಿಟಕಿಯ ಗಾಜು ತಾನೇ ಪೂರ್ತಿ ಇಳಿಸಿದ, ಕೋಟಿನೊಳಗೆ ಕೈ ಹಾಕಿದ, ಪೊಲೀಸಿನವನು ಒಂದು ಹೆಜ್ಜೆ ಹಿಂದೆ ಸರಿದು ನಿಧಾನ ಸರ್, ನಿಧಾನ ಅಂದ, ಅಪ್ಪನಿಗೆ ನಿಧಾನ ಬಿಟ್ಟು ಬೇರೆ ಬರುವುದೂ ಇಲ್ಲ, ಕೈ ಹೊರಗೆ ಬಂತು, ಕೈಯಲ್ಲಿ ಬಾಟಲಿ. ಇಲ್ಲಿ. ಅಪ್ಪನ ಹತ್ತಿರ. ಚೀಲದಲ್ಲಿ ಅಲ್ಲ. ಹೊಳೆಯ ದಡ, ಲೋಟ, ಗುಂಡಿ ಹಾಕಿಕೊಳ್ಳುತ್ತಿದ್ದ ಅಪ್ಪ, ಈ ಸೆಖೆಯಲ್ಲಿ ಚಳಿ ಕಣೇ.

ನಂದು ಸಾರ್, ಅಂದ ತನ್ನ ಮುರುಕು ಇಂಗ್ಲಿಷಿನಲ್ಲಿ, ಅವಳ ಹತ್ರ ಏನೂ ಇಲ್ಲ, ಅವಳಿಗೆ ಗೊತ್ತೇ ಇಲ್ಲ. ಯಾರು ತಂದುಕೊಟ್ಟರು ಅಂದ ಅವನು. ನಾನೇ ಹೋಗಿ ತಂದೆ, ನಡ್ಕೊಂಡು. ಪೊಲೀಸಿನವನು ಕೋಲಿನಂತಾದ ಆ ಕಾಲುಗಳನ್ನು ನೋಡಿದ, ಹಳದಿ ಕಣ್ಣು ನೋಡಿದ, ಅವಳನ್ನೂ ನೋಡಿದ, ಬಹಳ ಹೊತ್ತು ನೋಡಿದ, ಅವಳು ರಸ್ತೆಯನ್ನು ನೋಡಿದಳು. ಮದ್ದು ಸಾರ್ ಅದು, ಅಂದ ಅಪ್ಪ. ಇಲ್ಲಿ ಅದಕ್ಕೆ ಮದ್ದು ಅನ್ನೋ ಹೆಸರಿಲ್ಲ ಸರ್, ಹೊಳೆ ಆ ಕಡೆ ನೀವು ಇದ್ದಿದ್ರೆ ನಾನು ಮಾತಾಡಿಸ್ತಾನೂ ಇರ್ಲಿಲ್ಲ. ಕೆಟ್ಟತನವಿಲ್ಲ ಆ ದನಿಯಲ್ಲಿ, ಅದೇ ಕಷ್ಟ, ಬಾಟಲಿ ಹೊರಳಿಸಿ ಬರೆದದ್ದು ಓದಿದ, ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಅಂಟಿಸಿದ, ಜೈಲಿಗೆ ಒಯ್ಯುವುದಿಲ್ಲ ಅಂದ, ನಾಯಿ ಬೇಡವೆಂದು ಯಂತ್ರಕ್ಕೆ ಹೇಳಿದ, ಅಪ್ಪನ ಹೆಸರಿಗೆ ಕೇಸು ಬರೆದ, ಹಿಮ ಬೀಳುವ ತಿಂಗಳಿನ ಒಂದು ದಿನ ಕೋರ್ಟಿಗೆ ಹಾಜರಾಗಬೇಕು ಅಂದ. ಅಪ್ಪನಿಗೆ ಉಳಿದದ್ದು ಎಲೆ ಉದುರಿ ಮುಗಿಯುವವರೆಗೆ ಅಂತ ಡೆಲ್ಫಾ ಹೇಳಿದ್ದಾಳೆ. ಬರ್ತೀನಿ, ಅಂದ ಅಪ್ಪ ಗಂಭೀರವಾಗಿ, ಆಮೇಲೆ ಬಾಸ್ಕ್‌ನಲ್ಲಿ, ನಾ ಬರ್ಲಿಲ್ಲ ಅಂದ್ರೆ ಇವ್ರು ಹುಡುಕ್ಕೊಂಡು ಬರಲಿ ಅಲ್ಲಿಗೇ, ದಾರಿ ದೂರ. ನಗಬೇಕೆಂದು ಹೇಳಿದ್ದು. ಅವಳು ನಗಲಿಲ್ಲ. ನನ್ನದು ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡು ಕೂತಳು, ಸುಳ್ಳು ಹೇಳಲು ಬಾರದವಳು ಒಂದೂ ಮಾತಾಡದೆ ಸುಳ್ಳು ಹೇಳಿದಳು, ಜೋಪಾನವಾಗಿ ಹೋಗಿ ಅಂದ ಪೊಲೀಸಿನವನು, ಹೊರಟಳು.

ಈಗ ರಸ್ತೆ ಖಾಲಿ, ಲಾರಿ ಎಲ್ಲೋ ಮುಂದೆ ಹೋಗಿಬಿಟ್ಟಿದೆ, ಗಾಜು ಸ್ವಚ್ಛ, ಮನೆಯಲ್ಲಿ ಮಾರ್ಫಿನ್ ಇದೆ, ಸಂಜೆಗೆ ಬೇಕಾಗುತ್ತದೆ, ಸಂಜೆಯಿಂದ ನಾಯಿ, ಮಂಚದ ಕೆಳಗಿನ ನಾಯಿ, ಅಮ್ಮನ ಹೆಸರು, ಕೆಂಪು ಲಂಗವೋ ಹಸಿರೋ ಇನ್ನು ಕೇಳಲಾಗುವುದಿಲ್ಲ, ಸೋಮವಾರ ಬಸ್ಸು, ಮಕ್ಕಳು ಗುಡ್ ಮಾರ್ನಿಂಗ್ ಅನ್ನುತ್ತಾರೆ, ಅವಳೂ ಅನ್ನುತ್ತಾಳೆ, ಯಾಕೆ ಅಪ್ಪಾ ಹಾಗೆ ಮಾಡಿದೆ ಅಂತ ಕೇಳಬೇಕು, ಕೇಳಿದರೆ ಉತ್ತರ ಹೇಳಿಬಿಡುತ್ತಾನೆ, ಬೇಡ. ಇನ್ನೊಮ್ಮೆ ಹೋಗಬಹುದು, ನಾಳೆಯೇ, ಬೇರೆ ದಾರಿಯಿಂದ, ಹೋಗುವೆಯಾ, ಹೋಗುತ್ತೀಯಾ ಮಯಾಲೆನ್ — ಗಾಳಿ ಒಳಗೆ ನುಗ್ಗುತ್ತಿದೆ, ಅಪ್ಪನ ಕಡೆಯ ಗಾಜು ಇನ್ನೂ ಇಳಿದೇ ಇದೆ, ಚಳಿ ಅಲ್ವಾ ಅಪ್ಪ, ಏರಿಸಲಾ ಗಾಜು, ಅವನು ಬೇಡ ಅಂತ ತಲೆ ಅಲ್ಲಾಡಿಸುತ್ತಾನೆ, ತೋಳು ಹೊರಗೆ, ಬಾಟಲಿ ಕೊಡಲು ಚಾಚಿದ ತೋಳು ಚಾಚಿದ ಹಾಗೇ ಇದೆ, ಪೊಲೀಸಿನವನು ತೆಗೆದುಕೊಂಡ ಮೇಲೂ ಒಳಗೆ ಎಳೆದುಕೊಂಡಿಲ್ಲ, ಅಂಗೈ ಮೇಲಕ್ಕೆ, ಬೆರಳು ಅರ್ಧ ಮಡಿಸಿ, ಕೈ ಒಳಗೆ ತಗೋ ಅಪ್ಪಾ, ಪಕ್ಕದ ಕನ್ನಡಿಯಲ್ಲಿ ಅವಳಿಗೆ ಅದೊಂದೇ ಕಾಣುತ್ತಿದೆ, ಹೊಲವಿಲ್ಲ ರಸ್ತೆಯಿಲ್ಲ, ಬಿಸಿಲಿನಲ್ಲಿ ಹಳದಿ ಅಂಗೈ, ಖಾಲಿ, ಸೋಮವಾರ, ಬೇಳೆಯ ಸಾರು, ಅಂಗೈ, ನಾಳೆ, ಬೇರೆ ದಾರಿ, ಅಂಗೈ, ನನ್ನದು ಅನ್ನಬೇಕಿತ್ತು, ಹಳದಿ ಅಂಗೈ, ಖಾಲಿ, ಮೇಲಕ್ಕೆ ತೆರೆದದ್ದು, ಅಂಗೈ