ಅವ್ವನ ನೀರಿನ ಇಲಾಖೆ

ನಾನು ಮೀನುಗಾರಿಕೆ ಇಲಾಖೆಯಲ್ಲಿದ್ದೇನೆ. ಅವ್ವನನ್ನು ಕೇಳಿದರೆ ಮಾತ್ರ ನೀರಿನ ಇಲಾಖೆ. ನಾವು ಭಾಲ್ಕಿ ಕಡೆಯವರು, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಕೇಕಿನಲ್ಲಿ ಮೊಟ್ಟೆ ಇದೆಯೆಂದರೆ ಅದು ಹೊಸಿಲು ದಾಟುವಂತಿಲ್ಲ. ಅಂಥ ಮನೆಯ ಮಗಳು ಮೀನು ಸಾಕುತ್ತಾಳೆ ಎನ್ನಲು ನಮ್ಮವ್ವ ಚನ್ನಮ್ಮನಿಗೆ ನಾಲಿಗೆ ಏಳಲಿಲ್ಲ.

"ಸುಳ್ಳೇನದ ಇದ್ರಾಗ? ಅವು ಇರೋದು ನೀರಾಗೇ ಅಲ್ಲೇನು?" ಎನ್ನುತ್ತಿದ್ದಳು. ಮೀನಿಗೆ ನಮ್ಮ ಮನೆಯಲ್ಲಿ 'ಅವು' ಎಂದೇ ಹೆಸರು.

ನಾವೀಗ ಇರುವ, ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಮರಾಠವಾಡಾದ ಸಂಭಾಜಿನಗರದಲ್ಲಿ ಇಂಥ ಸುಳ್ಳು ಹೇಳಲು ಗುಂಡಿಗೆ ಬೇಕು. ಮಾತಿಗೆ ಚಿಕ್ಕಮ್ಮನಾದ ಪಕ್ಕದ ಮನೆಯ ಸುಮನ ಕಾಕು ಖಾಲಿ ಕೊಡ ಹಿಡಿದು ಬಾಗಿಲಿಗೇ ಬರತೊಡಗಿದರು. "ಉಮಾಗ ಹೇಳ್ರಿ, ನಮ್ಮ ಗಲ್ಲಿಗಿ ಜರಾ ಜಾಸ್ತಿ ಬಿಡಲಿ." ಅವ್ವ ಗಂಭೀರವಾಗಿ, "ಮ್ಯಾಲಿಂದ ಆರ್ಡರ್ ಬರಬೇಕ್ರಿ" ಎನ್ನುತ್ತಿದ್ದಳು. ಒಳಗೆ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಕೆಲಸ ಪೈಠಣದಲ್ಲಿ, ನಾಥಸಾಗರ ಜಲಾಶಯದ ಅಣೆಕಟ್ಟಿನ ಕೆಳಗಿನ ಮೀನುಮರಿ ಕೇಂದ್ರದಲ್ಲಿ. ಇಗತಪುರಿಯಲ್ಲಿ ಮಳೆ ಹೊಡೆದು, ನಾಶಿಕದ ಅಣೆಕಟ್ಟುಗಳು ತುಂಬಿ, ಗೋದಾವರಿ ಕೆಂಪಗೆ ನಮ್ಮ ಕಡೆ ಬರುವ ದಿನಗಳಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ಕಟಲಾ, ರೋಹು ಮೀನುಗಳಿಗೆ ಸೂಜಿ ಚುಚ್ಚಿ ಮೊಟ್ಟೆ ಇಡಿಸಬೇಕು, ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಬೆರಳುದ್ದ ಬೆಳೆಸಿ ಜಲಾಶಯಕ್ಕೆ ಬಿಡಬೇಕು. ಅವು ದೊಡ್ಡವಾದ ಮೇಲೆ ಸೊಸೈಟಿಯ ಬೆಸ್ತರು ಬಲೆ ಹಾಕುತ್ತಾರೆ.

ಜಿಲ್ಲೆಯ ಆದಾಯದ ಮಾತು ಬಂದರೆ ಎಲ್ಲರ ಬಾಯಲ್ಲೂ ಚಿಕಲಠಾಣಾದ ಕಾರ್ಖಾನೆಗಳೇ. ಅರಣ್ಯ ಮತ್ತು ಮೀನುಗಾರಿಕೆ ಎಂದರೆ ವರದಿಯ ತಳದಲ್ಲೊಂದು ಸಾಲು. ಸಭೆಯಲ್ಲಿ ಅದರ ಸರದಿ ಬರುವ ಹೊತ್ತಿಗೆ ಸಾಹೇಬರು ಚಹಾಕ್ಕೆ ಎದ್ದಿರುತ್ತಾರೆ. ಈ ವರ್ಷ ಕೂತೇ ಇದ್ದರು. ಕಾಡಿನ ಗಳಿಕೆ ಇದ್ದಲ್ಲೇ ಇತ್ತು, ನಮ್ಮ ಮೀನು ಆ ಸಾಲನ್ನು ಎತ್ತಿ ನಿಲ್ಲಿಸಿತ್ತು. ಕೂಲಿಗೆಂದು ಮುಂಬೈಗೆ ಹೋಗಿದ್ದ ಬೆಸ್ತರು ಮರಳಿ ಬಂದು ದೋಣಿ ಇಳಿಸಿದ್ದರು. ನನಗೆ ಹೆಮ್ಮೆಯಾಯಿತು. ಯಾಕಾಗಬಾರದು?

ಸುದ್ದಿ ತಿಳಿದ ನಮ್ಮ ಕನ್ನಡ ಸಂಘದವರು ನನಗೆ ಸನ್ಮಾನ ಇಟ್ಟುಕೊಂಡರು. ಸಂಘದ ಅಧ್ಯಕ್ಷ ಜಯಕರ ಶೆಟ್ಟರು ಮನೆಗೇ ಬಂದರು. ಅವರ ಹೋಟೆಲು ಶುದ್ಧ ಸಸ್ಯಾಹಾರಿ, ಮನೆಯಲ್ಲಿ ಮಾತ್ರ ಭಾನುವಾರ ಮೀನಿಲ್ಲದೆ ಅನ್ನ ಇಳಿಯದು.

"ಸ್ಟೇಜಲ್ಲಿ ಎಂತ ಹೇಳ್ಬೇಕು ಚನ್ನಮ್ಮಕ್ಕ?" ಅವ್ವನ ಗುಟ್ಟು ಬಲ್ಲ ಅವರು ಕೇಳಿದರು.

"ನೀರಿನ ಇಲಾಖೆ ಅನ್ರಿ," ಎಂದಳು ಅವ್ವ.

"ಹಂಗಂದ್ರ ನಾ ಬರಂಗಿಲ್ಲ," ಎಂದೆ. "ಮಾಡಿದ್ದು ಒಂದು, ಶಾಲು ಇನ್ನೊಂದಕ್ಕೇನು?"

ಅವ್ವನ ಕಣ್ಣಲ್ಲಿ ನೀರು ಬಂತು. "ಮುಂದಿನ ಸಾಲಿನ್ಯಾಗ ಲಿಂಗ ಕಟ್ಟಿದ ನಮ್ಮ ಬೀಗರು, ನೆಂಟರೇ ಕೂತಿರ್ತಾರ. ನನ್ನ ಮಾರಿ ನೋಡವ್ವಾ."

ನಾನು ಸೋತೆ. ಮುಖ ಊದಿಸಿಕೊಂಡೇ ಹೋದೆ.

ಸಭಾಭವನ ತುಂಬಿತ್ತು. ಶೆಟ್ಟರು ಶಾಲು ಬಿಡಿಸಿ ಮೈಕಿನಲ್ಲಿ, "ನೀರಿನ ಇಲಾಖೆಯಲ್ಲಿ ದೊಡ್ಡ ಸಾಧನೆ ಮಾಡಿದ ನಮ್ಮ ಉಮಾಶ್ರೀ..." ಎನ್ನುತ್ತಿದ್ದಂತೆ ಸುಮನ ಕಾಕು ಕುರ್ಚಿ ಬಿಟ್ಟು ಎದ್ದರು.

"ಏನ್ ಸಾಧನಾರಿ? ನಲ್ಲಿ ಬಂದು ವಾರದ ಮ್ಯಾಲಾತು! ಶಾಲು ಇಟ್ಟು ಮೊದಲ ಟ್ಯಾಂಕರ್ ತರಸ್ರಿ!"

ಸಭೆಗೆ ಸಭೆಯೇ ನಕ್ಕಿತು. ಹಿಂದಿನಿಂದ ಯಾರೋ "ಕಾಮ್‌ಚೋರ್!" ಎಂದು ಕೂಗಿದ. ಕೆಲಸಗಳ್ಳಿಯಂತೆ ನಾನು! ವೇದಿಕೆ ಇಳಿದು ಹೋಗಿಬಿಡಬೇಕೆಂದು ಹೆಜ್ಜೆ ಎತ್ತಿದ್ದೆ, ಅಷ್ಟರಲ್ಲಿ ಅವ್ವ ಎದ್ದು ನಿಂತಳು.

"ಯಾರ್ರಿ ಅಂದವ್ರು? ಮಳಿಗಾಲದಾಗ ಹೆತ್ತಾಕಿ ನನಗೇ ಆಕಿ ಮಾರಿ ಕಾಣಂಗಿಲ್ಲ. ನಿಮ್ಮ ನಲ್ಲಿ ಆಕಿ ಕೈಯಾಗಿಲ್ಲ. ಸುಳ್ಳು ಹೇಳಿದಾಕಿ ನಾ. ನನ್ನ ಮಗಳು..." ಮುಂದಿನ ಸಾಲಿನ ಬೀಗರು ತಿರುಗಿ ನೋಡಿದರು. "ನನ್ನ ಮಗಳು ಮೀನಿನ ಇಲಾಖೆದಾಕಿ! ಹೌದ್ರಿ, ಮೀನು! ಪೈಠಣದಾಗ ಎಷ್ಟೋ ಮನಿ ಒಲಿ ಅದರ ಮ್ಯಾಲ ಹೊತ್ತತಾವ. ಈ ಜಿಲ್ಲಾದ ಗಳಿಕ್ಯಾಗ ಬರೇ ಚಿಕಲಠಾಣಾ ಅಲ್ಲ, ನನ್ನ ಮಗಳ ಪಾಲೂ ಅದ. ಶೆಟ್ರ, ಮತ್ತೊಮ್ಮೆ ಹೇಳ್ರಿ. ಈ ಸಲ ಖರೇ ಹೇಳ್ರಿ."

ಶೆಟ್ಟರು ಹೇಳಿದರು, ಮೈಕು ಕಿರುಚುವಷ್ಟು ಜೋರಾಗಿ. ಬೀಗರು ಮುಖ ಮುಖ ನೋಡಿಕೊಂಡರು. ಮೊದಲ ಚಪ್ಪಾಳೆ ಸುಮನ ಕಾಕುವಿನದೇ. ಆದರೆ ಆ ಹೆಂಗಸು ಸುಮ್ಮನೆ ಬಿಡುವ ಪೈಕಿಯಲ್ಲ.

"ಹಂಗಾದ್ರ ನೀವೇ ಹೇಳ್ರಿ ಚನ್ನಮ್ಮಾ, ಚಲೋ ಮೀನ ಎಲ್ಲಿ ಸಿಗ್ತಾವ?"

ಮೀನು ಮಾರುಕಟ್ಟೆ ಬಂದರೆ ರಸ್ತೆಯ ಆ ಬದಿಗೆ ದಾಟಿ, ಮೂಗಿಗೆ ಸೆರಗು ಹಿಡಿದು ನಡೆಯುವ ನನ್ನವ್ವ ಸೊಂಟಕ್ಕೆ ಕೈಯಿಟ್ಟಳು.

"ಪೈಠಣಕ್ಕ ಹೋಗ್ರಿ. ನಮ್ಮ ಉಮಾ ಬಿಟ್ಟಿದ್ದು ಕೊಡ್ರಿ ಅಂತ ಕೇಳ್ರಿ. ಅಂಥಾ ಮೀನ ಇಡೀ ಮರಾಠವಾಡಾದಾಗ ಸಿಗಂಗಿಲ್ಲ!"